ಯಂತ್ರಕ್ಕೆ ಓದು ಕಲಿಸಿದ ಜಾನ್ ಬ್ಯಾಕಸ್

ಗದಗ-ಬೆಟಗೇರಿಯ ಕಾಲೇಜುಗಳಿಗೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಬಸ್ಸಿನಲ್ಲಿ ಬಂದು ಹೋಗುವ ನಮ್ಮ ವಿದ್ಯಾರ್ಥಿಗಳಲ್ಲಿ ಬಿ.ಸಿ.ಎ., ಡಿಪ್ಲೊಮಾ, ಎಂಜಿನಿಯರಿಂಗ್ ಓದುವವರೂ ಇದ್ದಾರೆ. ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದು, ಕಂಪೈಲ್ ಮಾಡಿ, ಉತ್ತರ ನೋಡುವುದು ಅವರಿಗೆ ನಿತ್ಯದ ಅಭ್ಯಾಸ. ಮನುಷ್ಯ ಬರೆದ ಸಾಲುಗಳನ್ನು ಯಂತ್ರಕ್ಕೆ ತಿಳಿಯುವ ಆಜ್ಞೆಗಳಾಗಿ ಬದಲಿಸಿಕೊಡುವ ದುಭಾಷಿಯೇ ಕಂಪೈಲರ್. ಈ ದುಭಾಷಿಯನ್ನು ಯಾರು ಕಟ್ಟಿದರು, ಎಷ್ಟು ಕಷ್ಟಪಟ್ಟು ಕಟ್ಟಿದರು ಎಂಬುದು ಮಾತ್ರ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದೆರಡು ಸಾಲಿನಲ್ಲೇ ಮುಗಿದುಹೋಗುತ್ತದೆ.

ಲೆಕ್ಕವನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸುವ ಕ್ರಮಕ್ಕೆ ಅಲ್ಗಾರಿದಮ್ ಎಂಬ ಹೆಸರು ಬಂದದ್ದು 9ನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ವಿದ್ವಾಂಸ ಮುಹಮ್ಮದ್ ಇಬ್ನ್ ಮೂಸಾ ಅಲ್-ಖ್ವಾರಿಝ್ಮಿಯವರ ಹೆಸರಿನಿಂದ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಗಣಿತದ ಸೂತ್ರದ ರೂಪದಲ್ಲಿ ಬರೆದ ಆ ಹೆಜ್ಜೆಗಳನ್ನು ಯಂತ್ರವೇ ಓದಿಕೊಂಡು, ನುರಿತ ಮನುಷ್ಯ ಬರೆದಷ್ಟೇ ಚುರುಕಾದ ಆಜ್ಞೆಗಳನ್ನು ತಯಾರಿಸುವಂತೆ ಮಾಡಿದವರಲ್ಲಿ ಮೊದಲಿಗರು ಅಮೆರಿಕದ ಜಾನ್ ಬ್ಯಾಕಸ್. ಅವರ ಜೀವನವನ್ನು ನಮ್ಮ ಮಕ್ಕಳು ಎರಡು ಕಾರಣಕ್ಕೆ ತಿಳಿಯಬೇಕು. ಶಾಲೆಯಲ್ಲಿ ಮತ್ತೆ ಮತ್ತೆ ನಾಪಾಸಾದ ಹುಡುಗ ಮುಂದೆ ಏನಾಗಬಲ್ಲ ಎಂಬುದು ಒಂದು. ಅವರು ಯಂತ್ರಕ್ಕೆ ಕೊಟ್ಟ ಜಾಣತನದಿಂದ ಹುಟ್ಟುವ ದೋಷಗಳನ್ನು ಇಂದಿಗೂ ಪ್ರತಿಯೊಬ್ಬ ಪ್ರೋಗ್ರಾಮರ್ ಎದುರಿಸಬೇಕಾಗಿದೆ ಎಂಬುದು ಇನ್ನೊಂದು.

ಹಿಂದೆ ಬಿದ್ದ ವಿದ್ಯಾರ್ಥಿ

ಜಾನ್ ಬ್ಯಾಕಸ್ ಹುಟ್ಟಿದ್ದು 1924ರ ಡಿಸೆಂಬರ್ 3ರಂದು ಫಿಲಡೆಲ್ಫಿಯಾ ನಗರದಲ್ಲಿ. ಬೆಳೆದದ್ದು ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿ. ತಂದೆ ಮೊದಲು ರಸಾಯನ ತಜ್ಞರು, ಆಮೇಲೆ ಶೇರು ವ್ಯಾಪಾರದಲ್ಲಿ ಹಣ ಮಾಡಿದವರು. ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ, ಆದರೆ ಹುಡುಗನಿಗೆ ಓದು ಹತ್ತಲಿಲ್ಲ. ಪಾಟ್ಸ್‌ಟೌನ್‌ನ ಹೆಸರಾಂತ ಹಿಲ್ ಶಾಲೆಗೆ ಹಾಕಿದರು. ಅಲ್ಲಿ ವರ್ಷ ವರ್ಷವೂ ನಾಪಾಸಾಗಿ, ಬೇಸಿಗೆಯ ರಜೆಯನ್ನೆಲ್ಲ ಮರುಪಾಠದ ಶಾಲೆಯಲ್ಲಿ ಕಳೆದು, ಹೇಗೋ 1942ರಲ್ಲಿ ಹೊರಬಿದ್ದ. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ತಂದೆಯ ಹಾದಿಯಲ್ಲೇ ರಸಾಯನಶಾಸ್ತ್ರಕ್ಕೆ ಸೇರಿದ. ಪ್ರಯೋಗಾಲಯ ಬೇಸರವಾಯಿತು. ಕೊನೆಕೊನೆಗೆ ವಾರಕ್ಕೆ ಒಂದೇ ತರಗತಿಗೆ, ಅದೂ ಸಂಗೀತ ಕೇಳುವ ತರಗತಿಗೆ ಮಾತ್ರ ಹೋಗುತ್ತಿದ್ದ. ವರ್ಷ ತುಂಬುವುದರೊಳಗೆ ವಿಶ್ವವಿದ್ಯಾಲಯ ಬಿಡಬೇಕಾಯಿತು.

ಅದು ಎರಡನೇ ಮಹಾಯುದ್ಧದ ಕಾಲ. 1943ರಲ್ಲಿ ಜಾನ್ ಸೈನ್ಯ ಸೇರಿದ. ಸೈನ್ಯದಲ್ಲಿ ನಡೆಸಿದ ಯೋಗ್ಯತಾ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದವು. ಸರಕಾರವೇ ಖರ್ಚು ಹಾಕಿ ಮೊದಲು ಎಂಜಿನಿಯರಿಂಗ್ ತರಬೇತಿಗೆ, ಆಮೇಲೆ ವೈದ್ಯಕೀಯದ ಪೂರ್ವ ತರಬೇತಿಗೆ ಕಳಿಸಿತು. ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಗಲೇ ತನ್ನ ತಲೆಬುರುಡೆಯಲ್ಲಿ ಗಡ್ಡೆ ಇರುವುದು ತಿಳಿದು, ಶಸ್ತ್ರಚಿಕಿತ್ಸೆಯಾಗಿ ಲೋಹದ ತಗಡು ಕೂಡಿಸಬೇಕಾಯಿತು. ಯುದ್ಧ ಮುಗಿದ ಮೇಲೆ ನ್ಯೂಯಾರ್ಕಿನ ವೈದ್ಯಕೀಯ ಕಾಲೇಜು ಸೇರಿದರೂ, ಎಲ್ಲವನ್ನೂ ಬಾಯಿಪಾಠ ಮಾಡುವ ಆ ಓದು ಒಗ್ಗದೆ ಒಂಬತ್ತು ತಿಂಗಳಿಗೇ ಬಿಟ್ಟುಬಿಟ್ಟ. ಇಪ್ಪತ್ತೆರಡರ ಹತ್ತಿರದ ವಯಸ್ಸು, ಕೈಯಲ್ಲಿ ಯಾವ ಪದವಿಯೂ ಇಲ್ಲ, ಮುಂದೇನು ಎಂಬ ಗುರಿಯೂ ಇಲ್ಲ.

ರೇಡಿಯೊ ಶಾಲೆಯಿಂದ ಗಣಿತಕ್ಕೆ

ನ್ಯೂಯಾರ್ಕಿನ ಸಣ್ಣ ಕೋಣೆಯಲ್ಲಿ ವಾಸವಾಗಿದ್ದ ಜಾನ್‌ಗೆ ಸಂಗೀತ ಚೆನ್ನಾಗಿ ಕೇಳಿಸುವ ಒಂದು ಯಂತ್ರ ಬೇಕಾಗಿತ್ತು. ಅದನ್ನು ತಾನೇ ಕಟ್ಟಿಕೊಳ್ಳೋಣವೆಂದು ರೇಡಿಯೊ ದುರಸ್ತಿ ಕಲಿಸುವ ಶಾಲೆಗೆ ಸೇರಿದ. ಅಲ್ಲಿಯ ಶಿಕ್ಷಕರೊಬ್ಬರು ಧ್ವನಿವರ್ಧಕದ ನಕ್ಷೆಗೆ ಬೇಕಾದ ಲೆಕ್ಕ ಮಾಡಲು ನೆರವು ಕೇಳಿದರು. ಕೆಲಸ ಬೇಸರದ್ದೇ, ಆದರೂ ಗಣಿತ ಎಂಬುದು ಯಾವುದಕ್ಕೋ ಉಪಯೋಗಕ್ಕೆ ಬರುವ ಜೀವಂತ ವಿದ್ಯೆ ಎಂದು ಆತನಿಗೆ ಮೊದಲ ಸಲ ಅನಿಸಿದ್ದು ಆಗ. ಅಲ್ಲಿಂದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿ 1949ರಲ್ಲಿ ಪದವಿ, 1950ರಲ್ಲಿ ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ದೊಡ್ಡ ಶಾಲೆಗಳು ಮಾಡಲಾಗದ ಕೆಲಸವನ್ನು ಒಂದು ದುರಸ್ತಿ ಶಾಲೆಯ ಶಿಕ್ಷಕ ಮಾಡಿದ್ದ.

ಕೊಲಂಬಿಯಾದಲ್ಲಿ ಓದುತ್ತಿದ್ದಾಗಲೇ ಒಂದು ದಿನ ಮ್ಯಾಡಿಸನ್ ಅವೆನ್ಯೂದ ಐ.ಬಿ.ಎಂ. ಕಂಪನಿಯ ಕಚೇರಿಯಲ್ಲಿ ಇಟ್ಟಿದ್ದ ಭಾರಿ ಲೆಕ್ಕದ ಯಂತ್ರ ನೋಡಲು ಹೋದರು. 12 ಸಾವಿರಕ್ಕೂ ಹೆಚ್ಚು ನಿರ್ವಾತ ಕೊಳವೆಗಳ ಆ ಯಂತ್ರ ಚಂದ್ರನ ಸ್ಥಾನಗಳಂಥ ಖಗೋಳ ಗಣಿತ ಮಾಡುತ್ತಿತ್ತು. ತೋರಿಸುತ್ತಿದ್ದವರೊಡನೆ ಕೆಲಸ ಹುಡುಕುತ್ತಿರುವ ವಿಷಯ ಆಡಿದರು. ಅಂದೇ ಸಂದರ್ಶನ ನಡೆದು ನೌಕರಿ ಸಿಕ್ಕಿತು. 1950ರಲ್ಲಿ ಐ.ಬಿ.ಎಂ. ಸೇರಿದವರು 1991ರಲ್ಲಿ ಅಲ್ಲಿಂದಲೇ ನಿವೃತ್ತರಾದರು.

ಫೋರ್ಟ್ರಾನ್ ಹುಟ್ಟಿದ ಬಗೆ

ಆಗಿನ ಕಾಲದಲ್ಲಿ ಪ್ರೋಗ್ರಾಂ ಬರೆಯುವುದೆಂದರೆ ಯಂತ್ರದ ಒಂದೊಂದು ಆಜ್ಞೆಯನ್ನೂ ಸಂಕೇತಗಳಲ್ಲಿ ಕೈಯಿಂದ ಬರೆಯುವುದು. ಯಂತ್ರ ನಡೆಸುವ ಒಟ್ಟು ಖರ್ಚಿನಲ್ಲಿ ಮುಕ್ಕಾಲು ಭಾಗದವರೆಗೂ ಪ್ರೋಗ್ರಾಂ ಬರೆಯುವುದಕ್ಕೆ ಮತ್ತು ಅದರ ತಪ್ಪು ತಿದ್ದುವುದಕ್ಕೇ ಹೋಗುತ್ತಿತ್ತು. ಗ್ರೇಸ್ ಹಾಪರ್ ಎಂಬ ಗಣಿತಜ್ಞೆ 1952ರ ಹೊತ್ತಿಗೇ ಯಂತ್ರವೇ ಪ್ರೋಗ್ರಾಂ ಜೋಡಿಸಿಕೊಡುವ ದಾರಿ ತೋರಿಸಿದ್ದರು. ಬ್ಯಾಕಸ್ ಕೂಡ 1953ರಲ್ಲಿ ಐ.ಬಿ.ಎಂ. 701 ಯಂತ್ರಕ್ಕೆ ಸ್ಪೀಡ್‌ಕೋಡಿಂಗ್ ಎಂಬ ವ್ಯವಸ್ಥೆ ಮಾಡಿಕೊಟ್ಟರು. ಬರೆಯುವುದು ಸುಲಭವಾಯಿತು, ಆದರೆ ಪ್ರೋಗ್ರಾಂ ಓಡುವುದು ನಿಧಾನವಾಯಿತು. ದಶಮಾಂಶ ಲೆಕ್ಕ ಮಾಡುವ ಸೌಕರ್ಯ ಆ ಯಂತ್ರಕ್ಕೆ ಇರಲಿಲ್ಲವಾದ್ದರಿಂದ ಅದು ಹೇಗಿದ್ದರೂ ನಿಧಾನ, ಹೀಗಾಗಿ ಈ ನಷ್ಟ ಎದ್ದು ಕಾಣುತ್ತಿರಲಿಲ್ಲ. ಮುಂದಿನ 704 ಯಂತ್ರದಲ್ಲಿ ಆ ಸೌಕರ್ಯ ಬರಲಿತ್ತು. ಅಲ್ಲಿ ನಿಧಾನದ ಪ್ರೋಗ್ರಾಂ ಯಾರಿಗೂ ಬೇಕಾಗುವುದಿಲ್ಲ ಎಂದು ಬ್ಯಾಕಸ್ ಅರಿತರು.

1953ರ ಕೊನೆಗೆ ತಮ್ಮ ಮೇಲಧಿಕಾರಿ ಕತ್ಬರ್ಟ್ ಹರ್ಡ್ ಅವರಿಗೆ ಒಂದು ಚಿಕ್ಕ ಪತ್ರ ಬರೆದು ಯೋಜನೆಗೆ ಒಪ್ಪಿಗೆ ಪಡೆದರು. ಗಣಿತದ ಸೂತ್ರದಂತೆ ಬರೆದರೆ ಸಾಕು, ಯಂತ್ರವೇ ಅದನ್ನು ಆಜ್ಞೆಗಳಾಗಿ ಮಾಡಿಕೊಳ್ಳಬೇಕು, ಆ ಆಜ್ಞೆಗಳು ನುರಿತ ಪ್ರೋಗ್ರಾಮರ್ ಕೈಯಿಂದ ಬರೆದಷ್ಟೇ ವೇಗವಾಗಿ ಓಡಬೇಕು. ಈ ಕೊನೆಯ ಷರತ್ತು ಸಾಧ್ಯವೆಂದು ಆಗ ಹೆಚ್ಚಿನವರು ನಂಬಿರಲಿಲ್ಲ. ಅದಕ್ಕೇ ಬ್ಯಾಕಸ್ ತಂಡ ಭಾಷೆಯ ಅಂದಚಂದಕ್ಕಿಂತ ಹೆಚ್ಚಾಗಿ ವೇಗದ ಮೇಲೆ ಬುದ್ಧಿ ಸವೆಸಿತು. ತಂಡದಲ್ಲಿ ಹಾರ್ಲನ್ ಹೆರಿಕ್, ಇರ್ವಿಂಗ್ ಝಿಲ್ಲರ್, ರಾಬರ್ಟ್ ನೆಲ್ಸನ್, ರಾಯ್ ನಟ್, ಪೀಟರ್ ಶೆರಿಡನ್, ಶೆಲ್ಡನ್ ಬೆಸ್ಟ್, ರಿಚರ್ಡ್ ಗೋಲ್ಡ್‌ಬರ್ಗ್, ಡೇವಿಡ್ ಸೇಯರ್ ಮುಂತಾದವರಿದ್ದರು. ಆಗತಾನೇ ಕಾಲೇಜು ಮುಗಿಸಿದ್ದ ಲೋಯಿಸ್ ಹೈಬ್ಟ್ ಎಂಬ ಯುವತಿ, ಪ್ರೋಗ್ರಾಂನ ಯಾವ ಭಾಗ ಎಷ್ಟು ಸಲ ಓಡುತ್ತದೆ ಎಂದು ಅಂದಾಜು ಮಾಡುವ ಕಠಿಣ ಭಾಗವನ್ನು ವಹಿಸಿಕೊಂಡಿದ್ದರು. ಹಗಲು ಯಂತ್ರ ಸಿಗುತ್ತಿರಲಿಲ್ಲ. ಆದ್ದರಿಂದ ಹತ್ತಿರದ ಹೋಟೆಲಿನಲ್ಲಿ ಕೋಣೆ ಹಿಡಿದು, ಹಗಲು ಮಲಗಿ ರಾತ್ರಿಯೆಲ್ಲ ಕೆಲಸ ಮಾಡಿದರು.

ಆರು ತಿಂಗಳು ಸಾಕೆಂದು ಹೇಳುತ್ತ ಹೇಳುತ್ತ ಮೂರು ವರ್ಷ ಕಳೆದವು. 1957ರ ಏಪ್ರಿಲ್‌ನಲ್ಲಿ ಫೋರ್ಟ್ರಾನ್ ಕಂಪೈಲರ್ ಹೊರಬಂತು. ಪಿಟ್ಸ್‌ಬರ್ಗ್ ಬಳಿಯ ವೆಸ್ಟಿಂಗ್‌ಹೌಸ್ ಕಂಪನಿಯ ಬೆಟಿಸ್ ಕೇಂದ್ರಕ್ಕೆ ರಂಧ್ರ ಹೊಡೆದ ಕಾರ್ಡುಗಳ ಕಟ್ಟು ತಲುಪಿತು. ಅಲ್ಲಿಯವರು ಮೊದಲ ಪ್ರೋಗ್ರಾಂ ಹಾಕಿ ನೋಡಿದಾಗ, ಒಂದು ಅಲ್ಪವಿರಾಮ ಬಿಟ್ಟುಹೋಗಿದೆ ಎಂದು ಕಂಪೈಲರ್ ತಾನೇ ತಿಳಿಸಿತು. ಆ ಒಂದು ಕಾರ್ಡು ತಿದ್ದಿ ಮತ್ತೆ ಹಾಕಿದರು, ಪ್ರೋಗ್ರಾಂ ಓಡಿತು. ಮುಂದಿನ ತಿಂಗಳುಗಳಲ್ಲಿ ಕಂಪೈಲರಿನದೇ ಅನೇಕ ದೋಷಗಳು ಬೆಳಕಿಗೆ ಬಂದು ಒಂದೊಂದಾಗಿ ತಿದ್ದಲ್ಪಟ್ಟವು. ಒಂದು ವರ್ಷದ ನಂತರ 704 ಯಂತ್ರವಿದ್ದ 26 ಕೇಂದ್ರಗಳನ್ನು ವಿಚಾರಿಸಿದಾಗ, ಅರ್ಧಕ್ಕಿಂತ ಹೆಚ್ಚಿನವು ತಮ್ಮ ಬಹುಪಾಲು ಲೆಕ್ಕಗಳಿಗೆ ಫೋರ್ಟ್ರಾನನ್ನೇ ಬಳಸುತ್ತಿದ್ದವು.

ಜಾಣ ಗುಮಾಸ್ತ ಮತ್ತು ಅವನಿಗೆ ಕೊಟ್ಟ ಮಾತು

ಫಲ ಕೆಡದಂತೆ ಕೆಲಸ ಉಳಿಸುವ ಈ ವಿದ್ಯೆಗೆ ಆಪ್ಟಿಮೈಸೇಶನ್ ಎನ್ನುತ್ತಾರೆ. ಗದಗ ಮಾರುಕಟ್ಟೆಯ ದಲಾಲಿ ಅಂಗಡಿಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ನೂರು ಚೀಲ ಶೇಂಗಾ ಬಂದಿದೆ. ಪ್ರತಿ ಚೀಲ ತೂಗಿ, ಅದನ್ನು ಬರಿದು ಮಾಡಿ ಖಾಲಿ ಚೀಲವನ್ನೂ ತೂಗಿ, ಕಳೆದು ಬರೆಯಬೇಕೆಂದು ಮಾಲೀಕ ಹೇಳಿದ್ದಾನೆ. ಚೀಲಗಳೆಲ್ಲ ಒಂದೇ ತರಹದವು ಎಂದೂ ಹೇಳಿದ್ದಾನೆ. ಜಾಣ ಗುಮಾಸ್ತ ಖಾಲಿ ಚೀಲವನ್ನು ಒಂದೇ ಸಲ ತೂಗಿ, ಅದೇ ಅಂಕಿಯನ್ನು ನೂರಕ್ಕೂ ಬಳಸುತ್ತಾನೆ. ತೊಂಬತ್ತೊಂಬತ್ತು ತೂಕ ಉಳಿಯಿತು, ಲೆಕ್ಕವೂ ಸರಿ. ಆದರೆ ನಡುವೆ ಮಳೆ ಬಂದು ಕೆಲವು ಚೀಲ ನೆನೆದಿದ್ದರೆ ಲೆಕ್ಕ ತಪ್ಪುತ್ತದೆ. ತಪ್ಪು ಗುಮಾಸ್ತನದಲ್ಲ. ಚೀಲಗಳು ಒಂದೇ ತರಹ ಎಂದು ಕೊಟ್ಟ ಮಾತು ಮುರಿದಿದೆ.

ಕಂಪೈಲರ್ ಕೂಡ ಹೀಗೆಯೇ. ಪ್ರತಿ ಭಾಷೆಗೂ ನಿಯಮಗಳಿವೆ, ಆ ನಿಯಮಗಳೇ ಪ್ರೋಗ್ರಾಮರ್ ಕೊಟ್ಟ ಮಾತು. ಸಿ ಭಾಷೆಯಲ್ಲಿ ಚಿಹ್ನೆಯುಳ್ಳ ಪೂರ್ಣಾಂಕ ತನ್ನ ಮಿತಿ ಮೀರಬಾರದು, ಹತ್ತು ಮನೆಗಳ ಸಾಲಿನಲ್ಲಿ ಹನ್ನೊಂದನೆಯದನ್ನು ಮುಟ್ಟಬಾರದು, ಬೆಲೆ ತುಂಬದ ಚರಾಕ್ಷರವನ್ನು ಓದಬಾರದು. ಒಂದು ಸಂಖ್ಯೆಗೆ 1 ಕೂಡಿಸಿದಾಗ ಅದು ಚಿಕ್ಕದಾಯಿತೇ ಎಂದು ಪರೀಕ್ಷಿಸಿ ಮಿತಿ ಮೀರಿದ್ದನ್ನು ಹಿಡಿಯಲು ಪ್ರೋಗ್ರಾಮರ್ ಒಂದು ಸಾಲು ಬರೆದಿದ್ದಾನೆ ಎನ್ನೋಣ. ಮಿತಿ ಮೀರುವುದೇ ಇಲ್ಲವೆಂದು ಮಾತು ಕೊಟ್ಟಿರುವಾಗ ಈ ಪರೀಕ್ಷೆ ಏಕೆ ಎಂದು ಕಂಪೈಲರ್ ಆ ಸಾಲನ್ನೇ ತೆಗೆದುಹಾಕಬಹುದು. ಇದು ಬರಿಯ ಊಹೆಯಲ್ಲ. 2009ರಲ್ಲಿ ಲಿನಕ್ಸ್ ವ್ಯವಸ್ಥೆಯ ಒಂದು ಜಾಲ ಚಾಲಕದಲ್ಲಿ ವಿಳಾಸವನ್ನು ಮೊದಲು ಬಳಸಿ, ಅದು ಖಾಲಿಯೇ ಎಂದು ಆಮೇಲೆ ಪರೀಕ್ಷಿಸಲಾಗಿತ್ತು. ಬಳಸಿದ ಮೇಲೆ ಖಾಲಿ ಇರಲಾರದು ಎಂದು ಜಿಸಿಸಿ ಕಂಪೈಲರ್ ಪರೀಕ್ಷೆಯನ್ನು ಅಳಿಸಿತು. ಅದರಿಂದ ಇಡೀ ಗಣಕಯಂತ್ರವನ್ನೇ ವಶಪಡಿಸಿಕೊಳ್ಳುವ ದಾರಿ ತೆರೆಯಿತು. ಆ ಬಳಿಕ ಲಿನಕ್ಸ್ ತಯಾರಕರು ಇಂಥ ಅಳಿಸುವಿಕೆಯನ್ನು ತಡೆಯುವ ಆಯ್ಕೆಯನ್ನು ಜೋಡಿಸಿದರು.

ದಶಮಾಂಶ ಲೆಕ್ಕದಲ್ಲೂ ಎಚ್ಚರ ಬೇಕು. 1ರ ಮುಂದೆ 16 ಸೊನ್ನೆಗಳ ಸಂಖ್ಯೆಗೆ 1 ಕೂಡಿಸಿ, ಅದೇ ದೊಡ್ಡ ಸಂಖ್ಯೆಯನ್ನು ಕಳೆದರೆ, ಸಾಮಾನ್ಯವಾಗಿ ಬಳಸುವ 64 ಬಿಟ್ ಲೆಕ್ಕದಲ್ಲಿ ಉತ್ತರ 0 ಬರುತ್ತದೆ, ಏಕೆಂದರೆ ಆ 1 ಹಿಡಿಸುವಷ್ಟು ಜಾಗ ಅಲ್ಲಿಲ್ಲ. ಮೊದಲು ಕಳೆದು ಆಮೇಲೆ ಕೂಡಿಸಿದರೆ ಉತ್ತರ 1. ವೇಗಕ್ಕಾಗಿ ಕ್ರಮ ಬದಲಿಸಲು ಅನುಮತಿ ಕೊಡುವ ಫಾಸ್ಟ್-ಮ್ಯಾತ್ ಆಯ್ಕೆಯನ್ನು ಅರಿಯದೆ ಹಾಕಿದರೆ ಉತ್ತರವೇ ಬದಲಾಗಬಹುದು.

ದೋಷ ಹುಡುಕುವ ಕ್ರಮ

ವಿಚಿತ್ರವೆಂದರೆ ಈ ಗೊಂದಲವನ್ನು ಮೊದಲು ಅನುಭವಿಸಿದವರು ಬ್ಯಾಕಸ್ ತಂಡದವರೇ. ತಮ್ಮ ಕಂಪೈಲರ್ ತಯಾರಿಸಿದ ಆಜ್ಞೆಗಳು ಎಲ್ಲಿಂದೆಲ್ಲಿಗೋ ಸರಿದಿರುವುದನ್ನು ಕಂಡು ಅವರು ತಪ್ಪಾಗಿದೆ ಎಂದೇ ತಿಳಿಯುತ್ತಿದ್ದರು. ಕೂತು ಹೆಜ್ಜೆ ಹೆಜ್ಜೆಯಾಗಿ ಪರಿಶೀಲಿಸಿದಾಗ ಯಂತ್ರ ಮಾಡಿದ್ದು ಸರಿಯೆಂದು ಗೊತ್ತಾಗುತ್ತಿತ್ತು. ದೂರುವ ಮೊದಲು ಪರಿಶೀಲಿಸುವ ಆ ಗುಣವನ್ನೇ ನಮ್ಮ ವಿದ್ಯಾರ್ಥಿಗಳು ರೂಢಿಸಿಕೊಳ್ಳಬೇಕು.

ಆಪ್ಟಿಮೈಸೇಶನ್ ಇಲ್ಲದ ಓ-0 ಮಟ್ಟದಲ್ಲಿ ಸರಿಯಾಗಿ ಓಡುವ ಪ್ರೋಗ್ರಾಂ ಓ-3 ಮಟ್ಟದಲ್ಲಿ ಕೆಟ್ಟರೆ, ಮೊದಲು ಅದೇ ಮಾಹಿತಿ ಕೊಟ್ಟು ದೋಷ ಮತ್ತೆ ಮತ್ತೆ ಬರುವಂತೆ ಮಾಡಿಕೊಳ್ಳಬೇಕು. ಕಂಪೈಲರಿನ ಆವೃತ್ತಿ ಮತ್ತು ಆಯ್ಕೆಗಳನ್ನು ಬರೆದಿಡಬೇಕು. ಓ-0ದಲ್ಲಿ ದೋಷ ಕಾಣದಿದ್ದರೆ ಕಂಪೈಲರಿನದೇ ತಪ್ಪೆಂದು ತೀರ್ಮಾನಿಸಬಾರದು. ಬಹಳ ಸಲ ದೋಷ ನಮ್ಮ ಸಾಲಿನಲ್ಲೇ ಅಡಗಿರುತ್ತದೆ. ಓ-0ದಲ್ಲಿ ಅದೃಷ್ಟಕ್ಕೆ ಸೊನ್ನೆ ಇದ್ದ ಜಾಗದಲ್ಲಿ ಓ-3ದಲ್ಲಿ ಬೇರೇನೋ ಕೂತಿರುತ್ತದೆ. ಓ-0ದಲ್ಲೇ ಬಿಟ್ಟು ಕೈತೊಳೆದುಕೊಂಡರೆ ರೋಗ ಹೋಗುವುದಿಲ್ಲ, ಕಾಣದಾಗುತ್ತದೆ ಅಷ್ಟೆ.

ಎರಡನೆಯದಾಗಿ, ಕಂಪೈಲರಿನ ಎಲ್ಲ ಎಚ್ಚರಿಕೆಗಳನ್ನು ಚಾಲೂ ಮಾಡಿ ಒಂದೊಂದನ್ನೂ ಓದಬೇಕು. ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರುಗಳಲ್ಲಿ ಸ್ಯಾನಿಟೈಸರ್ ಎಂಬ ಕಾವಲು ಸೌಲಭ್ಯಗಳಿವೆ. ಒಂದು ಮಿತಿ ದಾಟಿದ ನೆನಪಿನ ಬಳಕೆಯನ್ನು ಹಿಡಿದರೆ, ಇನ್ನೊಂದು ಭಾಷೆಯ ನಿಯಮ ಮುರಿದ ಸಾಲನ್ನು ಹೇಳುತ್ತದೆ. ಮೂರನೆಯದಾಗಿ, ದೋಷವಿರುವ ಜಾಗವನ್ನು ಇಕ್ಕಟ್ಟು ಮಾಡುತ್ತ ಬರಬೇಕು. ಅರ್ಧ ಕಡತಗಳನ್ನು ಓ-0ದಲ್ಲಿ, ಉಳಿದರ್ಧವನ್ನು ಓ-3ದಲ್ಲಿ ಕಂಪೈಲ್ ಮಾಡಿ, ದೋಷ ಯಾವ ಅರ್ಧದಲ್ಲಿದೆ ಎಂದು ನೋಡಬೇಕು. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಸಾವಿರ ಕಡತಗಳಿದ್ದರೂ ಹತ್ತು ಸುತ್ತಿನಲ್ಲಿ ಒಂದಕ್ಕೆ ಬಂದು ನಿಲ್ಲಬಹುದು.

ನಾಲ್ಕನೆಯದಾಗಿ, ಮಟ್ಟಗಳನ್ನು ಒಂದೊಂದಾಗಿ ಏರಿಸಿ, ಒಂದೊಂದು ಆಯ್ಕೆಯನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಪೂರ್ಣಾಂಕ ಮಿತಿ ಮೀರಿದರೆ ಸುತ್ತಿಕೊಂಡು ಬರಲಿ ಎಂಬ ರ‍್ಯಾಪ್-ವಿ ಆಯ್ಕೆ ಹಾಕಿದಾಗ ದೋಷ ಹೋದರೆ, ಯಾವ ಮಾತು ಮುರಿದಿದೆ ಎಂಬುದರ ಸುಳಿವು ಸಿಕ್ಕಂತೆ. ಹೊರಗಿನ ಉಪಕರಣ ಬದಲಿಸುವ ಬೆಲೆಯನ್ನು ವೊಲಟೈಲ್ ಎಂದು ಗುರುತಿಸಬೇಕು, ಅದು ಪ್ರತಿ ಚೀಲವನ್ನೂ ಮತ್ತೆ ತೂಗು ಎಂದು ಗುಮಾಸ್ತನಿಗೆ ಹೇಳಿದಂತೆ. ನಡುವೆ ಮುದ್ರಿಸುವ ಒಂದು ಸಾಲು ಸೇರಿಸಿದೊಡನೆ ದೋಷ ಮಾಯವಾದರೆ ಮೋಸ ಹೋಗಬಾರದು, ಆ ಸಾಲು ಆಪ್ಟಿಮೈಸೇಶನ್ ಕ್ರಮವನ್ನು ಕದಲಿಸಿರುತ್ತದೆ. ಇಷ್ಟೆಲ್ಲ ಆದ ಮೇಲೂ, ನಿಯಮ ಮೀರದ ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಂನಲ್ಲೇ ದೋಷ ಉಳಿದರೆ ಆಗ ಕಂಪೈಲರನ್ನು ಸಂಶಯಿಸಬಹುದು. ಕಂಪೈಲರುಗಳಲ್ಲೂ ದೋಷಗಳಿರುತ್ತವೆ, ಆ ಚಿಕ್ಕ ಪ್ರೋಗ್ರಾಂ ಜೊತೆಗೆ ತಯಾರಕರಿಗೆ ತಿಳಿಸುವುದು ದೊಡ್ಡ ಸೇವೆ.

ನಂತರದ ಬದುಕು

ಫೋರ್ಟ್ರಾನ್ ಯಶಸ್ಸಿನ ಬಳಿಕ ಬ್ಯಾಕಸ್ ಸುಮ್ಮನೆ ಕೂಡಲಿಲ್ಲ. 1959ರಲ್ಲಿ ಗಣಕ ಭಾಷೆಯ ವ್ಯಾಕರಣವನ್ನು ಸಂದಿಗ್ಧವಿಲ್ಲದೆ ಬರೆಯುವ ಒಂದು ಸಂಕೇತ ಪದ್ಧತಿ ರೂಪಿಸಿದರು. ಡೆನ್ಮಾರ್ಕಿನ ಪೀಟರ್ ನೌರ್ ಅದನ್ನು ತಿದ್ದಿ ಬಳಸಿದ್ದರಿಂದ ಅದಕ್ಕೆ ಬ್ಯಾಕಸ್-ನೌರ್ ರೂಪ ಎಂಬ ಹೆಸರು ನಿಂತಿತು. ಸಂಸ್ಕೃತ ವ್ಯಾಕರಣದಲ್ಲಿ ಪಾಣಿನಿ ಇಂಥದೇ ಕ್ರಮವನ್ನು ಎಂದೋ ಬಳಸಿದ್ದನೆಂದು ಗುರುತಿಸಿ, ಇದಕ್ಕೆ ಪಾಣಿನಿ-ಬ್ಯಾಕಸ್ ರೂಪ ಎಂಬ ಹೆಸರಿಡಬೇಕೆಂದು 1967ರಲ್ಲಿ ಇಂಗರ್‌ಮನ್ ಎಂಬ ವಿದ್ವಾಂಸರು ಸೂಚಿಸಿದ್ದುಂಟು.

1977ರಲ್ಲಿ ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. ಪ್ರಶಸ್ತಿ ಭಾಷಣದಲ್ಲಿ ಅವರು ಫೋರ್ಟ್ರಾನನ್ನು ಹೊಗಳಿಕೊಳ್ಳಲಿಲ್ಲ. ನೆನಪಿನ ಒಂದೊಂದು ಮನೆಯನ್ನು ಬದಲಿಸುತ್ತ ಸಾಗುವ ಭಾಷೆಗಳಲ್ಲಿ ಪ್ರೋಗ್ರಾಂ ಸರಿಯೇ ತಪ್ಪೇ ಎಂದು ವಿಚಾರಿಸುವುದು ಕಷ್ಟವೆಂದು ತಾವೇ ಬೆಳೆಸಿದ ಪದ್ಧತಿಯ ಕೊರತೆಯನ್ನು ಎತ್ತಿ ತೋರಿಸಿ, ಗಣಿತದ ಫಲನಗಳಂತೆ ಬರೆಯುವ ಬೇರೆ ದಾರಿ ಸೂಚಿಸಿದರು. ಅವರು ರೂಪಿಸಿದ ಆ ಭಾಷೆ ಬಳಕೆಗೆ ಬರಲಿಲ್ಲ, ಆದರೆ ಆ ವಿಚಾರ ಮುಂದಿನವರಿಗೆ ದಾರಿಯಾಯಿತು. 2007ರ ಮಾರ್ಚ್ 17ರಂದು ಒರೆಗಾನ್ ರಾಜ್ಯದ ಆಶ್‌ಲ್ಯಾಂಡಿನಲ್ಲಿ, 82ರ ವಯಸ್ಸಿನಲ್ಲಿ ಬ್ಯಾಕಸ್ ತೀರಿಕೊಂಡರು.

ಅವರು ಹಾಕಿದ ಬುನಾದಿಯ ಮೇಲೆ ಅನೇಕರು ಕಟ್ಟಿದರು. ಶಿಕ್ಷಣ ಸಾಲ ತೀರಿಸಲೆಂದು 1957ರಲ್ಲಿ ಐ.ಬಿ.ಎಂ. ಸೇರಿದ ಫ್ರಾನ್ಸಿಸ್ ಆಲನ್ ವಿಜ್ಞಾನಿಗಳಿಗೆ ಫೋರ್ಟ್ರಾನ್ ಕಲಿಸುತ್ತಲೇ ಆಪ್ಟಿಮೈಸೇಶನ್ ಶಾಸ್ತ್ರವನ್ನು ಬೆಳೆಸಿ, 2006ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ವೈ.ಎನ್. ಶ್ರೀಕಾಂತ್ ಮತ್ತು ಪ್ರೊಫೆಸರ್ ಪ್ರೀತಿ ಶಂಕರ್ ಇದೇ ವಿಷಯದ ಮೇಲೆ 2002ರಲ್ಲಿ ಸಂಪಾದಿಸಿದ ಕೈಪಿಡಿಯನ್ನು ಹೊರದೇಶದ ಪ್ರಕಾಶಕರು ಪ್ರಕಟಿಸಿದರು. 2011ರಲ್ಲಿ ನಿಧನರಾದ ಪ್ರೀತಿ ಶಂಕರ್ ಅವರ ಹೆಸರನ್ನು ನಮ್ಮ ಹೆಣ್ಣುಮಕ್ಕಳು ವಿಶೇಷವಾಗಿ ತಿಳಿದಿರಬೇಕು.

ನಮಗೆ ಇದರಲ್ಲಿ ಏನಿದೆ?

ಬ್ಯಾಕಸ್ ಶ್ರೀಮಂತರ ಮಗ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತಿತ್ತು. ಶಾಲೆ ಬಿಟ್ಟರೆ ವಿಶ್ವವಿದ್ಯಾಲಯ, ಅದು ಬಿಟ್ಟರೆ ಸೈನ್ಯ, ಅದೂ ಮುಗಿದರೆ ಮತ್ತೊಂದು ಕಾಲೇಜು. ನಮ್ಮ ಓಣಿಗಳಲ್ಲಿ ಎಸ್.ಎಸ್.ಎಲ್.ಸಿ.ಯಲ್ಲಿ ಒಂದು ವಿಷಯ ಹೋದ ಹುಡುಗನಿಗೆ ಗ್ಯಾರೇಜಿನ ಬಾಗಿಲೊಂದೇ ತೆರೆದಿರುತ್ತದೆ, ಹುಡುಗಿಗೆ ಅದೂ ಇಲ್ಲ. ಬುದ್ಧಿ ಕಡಿಮೆಯಿದ್ದು ಅವರು ಹಿಂದುಳಿಯುವುದಿಲ್ಲ, ಎರಡನೆಯ ಅವಕಾಶ ಸಿಗದೆ ಹಿಂದುಳಿಯುತ್ತಾರೆ. ನಾಪಾಸಾದ ಮಕ್ಕಳಿಗೆ ಮರುಪಾಠ, ಪರೀಕ್ಷಾ ಶುಲ್ಕದ ನೆರವು, ಮನೆಯವರಿಗೆ ತಿಳಿಹೇಳುವ ಹಿರಿಯರು, ಇವು ಸಿಕ್ಕರೆ ಅವರೂ ತಮಗೆ ಒಗ್ಗುವ ವಿದ್ಯೆಯನ್ನು ಕಂಡುಕೊಳ್ಳುತ್ತಾರೆ. ಸಂಸ್ಥೆಯ ಸದಸ್ಯರು ಇದನ್ನು ತಮ್ಮ ಹೊಣೆಯೆಂದು ತಿಳಿಯಬೇಕು.

ವಿದ್ಯಾರ್ಥಿಗಳಿಗೆ ಒಂದು ಮಾತು. ಪರೀಕ್ಷೆಯ ಫಲಿತಾಂಶವಾಗಲಿ, ಪ್ರೋಗ್ರಾಂನ ಫಲಿತಾಂಶವಾಗಲಿ ತಪ್ಪು ಬಂದಾಗ ಅದೃಷ್ಟವನ್ನೋ ಯಂತ್ರವನ್ನೋ ಬೈಯುವುದು ಸುಲಭ. ಕಾಗದ ಪೆನ್ಸಿಲು ಹಿಡಿದು, ಎಲ್ಲಿಯವರೆಗೆ ಸರಿಯಿತ್ತು, ಎಲ್ಲಿಂದ ಕೆಟ್ಟಿತು ಎಂದು ಅರ್ಧರ್ಧವಾಗಿ ಹುಡುಕುತ್ತ ಹೋಗುವುದು ಕಷ್ಟದ ದಾರಿ. ಬ್ಯಾಕಸ್ ತಂಡದವರು ರಾತ್ರಿಗಳನ್ನು ಕಳೆದದ್ದು ಆ ಕಷ್ಟದ ದಾರಿಯಲ್ಲಿ. ಇಲ್ಮ್ ಹುಡುಕುವವರಿಗೆ ಅಲ್ಲಾಹನು ಆ ತಾಳ್ಮೆಯನ್ನು ದಯಪಾಲಿಸಲಿ.